ನೆಲಕ್ಕೆ ಬಿದ್ದ ಕತ್ತಿ ಯಾರದು

ಕಳೆದ ತಿಂಗಳು ನನ್ನ ತಮ್ಮ ರಘುವಿನ ಸೊಸೆ ನನಗೊಂದು ಚರ್ಮದ ಕೈಚೀಲ ತಂದುಕೊಟ್ಟಳು. "ಅಸಲಿ ಚರ್ಮ ಅತ್ತೆ, ಬೇಕಾದ್ರೆ ಮೂಸಿ ನೋಡಿ" ಎಂದಳು. ಮೂಸಿದೆ. ಹುಡುಗಿ ಮುಂದೆ ಹೇಳಿದ್ದೊಂದೂ ನನ್ನ ಕಿವಿಗೆ ಬೀಳಲಿಲ್ಲ. ನಾನಾಗಲೇ ಕ್ರೋಂಪೇಟೆಯ ಬಾಡಿಗೆ ಮನೆಯ ಜಗಲಿಗೆ ಹೋಗಿಬಿಟ್ಟಿದ್ದೆ. ಭಾನುವಾರ ಮಧ್ಯಾಹ್ನ ಮೂರು ಗಂಟೆ. ಚರ್ಮ ಹದ ಮಾಡುವ ಕಾರ್ಖಾನೆಗಳ ಕಡೆಯಿಂದ ಗಾಳಿ ತಿರುಗಿದೆ. ಅಮ್ಮ ಗೊಣಗುತ್ತ ಕಿಟಕಿ ಮುಚ್ಚುತ್ತಿದ್ದಾಳೆ. ಚಾಪೆಯ ಮೇಲೆ ಮೂವರು ಹುಡುಗರು ನನ್ನ ಬಾಯನ್ನೇ ನೋಡುತ್ತ ಕೂತಿದ್ದಾರೆ, ಏಕೆಂದರೆ ಬಾಗಿಲ ಆಚೆ ಯಾರಿದ್ದಾರೆ ಎಂದು ನಾನಿನ್ನೂ ಹೇಳಿಲ್ಲ.

ಅದು ಎಂಬತ್ನಾಲ್ಕು ಎಂಬತ್ತೈದರ ಮಾತು. ಊರಿಗೆ ಇನ್ನೂ ಮದರಾಸು ಎಂದೇ ಹೆಸರು. ಅಪ್ಪ ರೈಲ್ವೆಯಲ್ಲಿ ಗಾರ್ಡು, ವಾರಕ್ಕೆ ಮೂರು ದಿನ ಮನೆಯಲ್ಲಿ ಸಿಕ್ಕರೆ ಹೆಚ್ಚು. ರಘು ಕ್ರೋಂಪೇಟೆಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಕೊನೆಯ ವರ್ಷ. ನನಗೆ ಇಪ್ಪತ್ತಾರು, ಮೌಂಟ್ ರೋಡಿನ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತೆ. ಬೆಳಿಗ್ಗೆ ಎಲೆಕ್ಟ್ರಿಕ್ ರೈಲಿನಲ್ಲಿ ಒಂಟಿ ಕಾಲಿನ ಮೇಲೆ ನಿಂತು ಹೋಗುವುದು, ದಿನವಿಡೀ ಪಾಲಿಸಿಗಳ ಷರತ್ತು ಓದುವುದು, ಸಂಜೆ ಇನ್ನೊಂದು ಕಾಲಿನ ಮೇಲೆ ನಿಂತು ಬರುವುದು. ನನ್ನ ಟಿಪ್ಪಣಿಯನ್ನು ಯಾವ ಮೇಲಧಿಕಾರಿಯೂ ತಪ್ಪೆಂದು ವಾಪಸು ಕಳಿಸಿದ್ದಿಲ್ಲ. ಆ ಬಗ್ಗೆ ನನಗೆ ಸಣ್ಣದಲ್ಲ, ದೊಡ್ಡ ಜಂಬವೇ ಇತ್ತು.

ಆಟ ಬಂದದ್ದು ಮುರಳಿಯಿಂದ. ಮುರಳಿ ರಘುವಿನ ಸಹಪಾಠಿ, ತಮಿಳಿನವನು, ಎತ್ತರದ ಆಳು, ಗಟ್ಟಿ ದನಿ. ಹಡಗಿನಲ್ಲಿ ಕೆಲಸ ಮಾಡುವ ಅವನ ಮಾಮ ಯಾವುದೋ ಬಂದರಿನಿಂದ ಒಂದು ಆಟದ ಪುಸ್ತಕದ ಜೆರಾಕ್ಸ್ ಪ್ರತಿ ತಂದಿದ್ದ. ಕತ್ತಿ, ಮಂತ್ರ, ಗುಹೆ, ರಾಕ್ಷಸರ ಆಟ. ಬೋರ್ಡು ಇಲ್ಲ, ಕಾಯಿಗಳಿಲ್ಲ. ಒಬ್ಬರು ನಡೆಸುವವರು, ಅವರು ಕೋಟೆ, ಕಾಡು, ಶತ್ರು ಎಲ್ಲವನ್ನೂ ಬಾಯಲ್ಲೇ ಕಟ್ಟಿ ಹೇಳಬೇಕು. ಉಳಿದವರು ತಲಾ ಒಬ್ಬ ವೀರನಾಗಿ, ತಾನೀಗ ಏನು ಮಾಡುತ್ತೇನೆ ಎಂದು ಹೇಳಬೇಕು. ಆದೀತೋ ಇಲ್ಲವೋ ಎಂಬುದಕ್ಕೆ ಇಪ್ಪತ್ತು ಮುಖದ ದಾಳ ಉರುಳಿಸಬೇಕಂತೆ. ಅಂಥ ದಾಳ ಮದರಾಸಿನಲ್ಲಿ ಎಲ್ಲಿಂದ ಬರಬೇಕು? ತಂಬೋಲ ಆಟದ ಒಂದರಿಂದ ಇಪ್ಪತ್ತರವರೆಗಿನ ಮರದ ಬಿಲ್ಲೆಗಳನ್ನು ಕಾಫಿ ಪುಡಿಯ ಡಬ್ಬಿಗೆ ಹಾಕಿ, ಕುಲುಕಿ, ಕಣ್ಣು ಮುಚ್ಚಿ ಒಂದನ್ನು ಎತ್ತುತ್ತಿದ್ದೆವು. ಬೆರಳೆಲ್ಲ ಚಿಕೋರಿ ವಾಸನೆ.

ಮೊದಲೆರಡು ವಾರ ಹುಡುಗರು ತಾವೇ ನಡೆಸಿದರು. ನಡೆಸಿದ್ದಕ್ಕಿಂತ ಜಗಳವಾಡಿದ್ದೇ ಹೆಚ್ಚು. ಮೂರನೆಯ ಭಾನುವಾರ ರಘು ಪುಸ್ತಕವನ್ನು ನನ್ನ ಮಡಿಲಿಗೆ ಹಾಕಿ, "ಅಕ್ಕಾ, ನೀನೇ ಜಡ್ಜ್. ನಿನಗೆ ರೂಲ್ಸ್ ಅಂದ್ರೆ ಪ್ರಾಣ ಅಲ್ವಾ" ಎಂದ. ಓದಿ ನೋಡಿದೆ. ನಡುವೆ ನಡುವೆ ಪುಟಗಳೇ ಮಾಯ, ಇದ್ದವೂ ಅರ್ಧ ಮಸುಕು. ಆದರೂ ಅದರಲ್ಲಿ ಷರತ್ತು, ಉಪಷರತ್ತು, ವಿನಾಯಿತಿ ಎಲ್ಲ ಇದ್ದವು. ನನಗೆ ಬಹಳ ಖುಷಿಯಾಯಿತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಅಮ್ಮನಿಗೆ ಮಾತ್ರ ಸರಿಬರಲಿಲ್ಲ. ಅವಳು ಧಾರವಾಡದ ಮಾತನ್ನು ಮದರಾಸಿಗೆ ಬಂದು ಇಪ್ಪತ್ತು ವರ್ಷವಾದರೂ ಬಿಟ್ಟವಳಲ್ಲ. "ಅಲ್ಲ ವಾರೀ, ಇಪ್ಪತ್ತಾರು ತುಂಬ್ಯಾವ ನಿನಗ. ಹುಡುಗೂರ ಜೋಡಿ ಕೂತು ರಾಕ್ಷಸರನ್ನ ಕೊಲ್ಲಲಿಕ್ಕೆ ಹತ್ತೀಯಲ್ಲ, ನಿನ್ನ ನೋಡ್ಲಿಕ್ಕೆ ಬಂದವ್ರಿಗೆ ಏನಂತ ಹೇಳ್ಲಿ?" ಎಂದು ದಿನಕ್ಕೊಮ್ಮೆಯಾದರೂ ಕೇಳುತ್ತಿದ್ದಳು. ಕೇಳುತ್ತಲೇ ನಾಲ್ವರಿಗೂ ಅವಲಕ್ಕಿ ಹಚ್ಚಿ ತಂದಿಡುತ್ತಿದ್ದಳು.

ಮೂರನೆಯ ಹುಡುಗ ಶೇಷು, ಅವನೂ ರಘುವಿನ ಸಹಪಾಠಿ. ಸ್ಟೇಷನ್ ಎದುರಿನ ಉಡುಪಿ ಹೋಟೆಲಿನ ಮುಖ್ಯ ಅಡುಗೆಯವರಾದ ಮಂಜಯ್ಯನವರ ಮಗ. ಮಂಜಯ್ಯ ಕುಂದಾಪುರದ ಕಡೆಯವರು. ಮಗ ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ, ಓದಿದ್ದು ತಮಿಳು ಶಾಲೆಯಲ್ಲಿ. ನಾವು ಕನ್ನಡದಲ್ಲಿ ಕೇಳಿದರೆ ಅರ್ಧ ಕನ್ನಡ, ಅರ್ಧ ತಮಿಳಿನಲ್ಲಿ ಉತ್ತರ ಹೇಳುತ್ತಿದ್ದ, ಅದೂ ಕೇಳಿದಷ್ಟಕ್ಕೆ ಮಾತ್ರ. ಮುರಳಿಯ ವೀರ ಎದುರು ಸಿಕ್ಕವರನ್ನೆಲ್ಲ ಕಡಿಯುವವನು. ರಘುವಿನವನು ಮಂತ್ರವಾದಿ, ಯಾವಾಗಲೂ ಎಲ್ಲರ ಹಿಂದೆ. ಶೇಷುವಿನ ವೀರನ ಹೆಸರು ಭದ್ರ. ಆಟದಲ್ಲಿ ಅವನು ಬಹಳ ಕಷ್ಟಪಟ್ಟು ಒಂದು ಕತ್ತಿ ಸಂಪಾದಿಸಿದ್ದ, ಅದಕ್ಕೆ ಮಿಂಚು ಎಂದು ಹೆಸರಿಟ್ಟಿದ್ದ. ಆದರೆ ಆ ಕತ್ತಿಯಿಂದ ಯಾರನ್ನೂ ಕೊಲ್ಲುತ್ತಿರಲಿಲ್ಲ. ಅವನಿಗೆ ಬೇಕಿದ್ದದ್ದು ಎದುರಾಳಿಯ ಆಯುಧ ಕೆಳಗೆ ಬೀಳಿಸುವುದು, ಅಷ್ಟೇ.

ಆಗಸ್ಟಿನಲ್ಲಿರಬೇಕು, ಕೋಟೆಯ ಹಿಂಬಾಗಿಲಲ್ಲಿ ಈಟಿ ಹಿಡಿದ ಒಬ್ಬ ಕಾವಲುಗಾರ, ಪಕ್ಕದಲ್ಲಿ ಗಂಜಿ ಕುದಿಯುತ್ತಿದೆ ಎಂದು ಹೇಳಿದೆ. ಗಂಜಿಯನ್ನು ನಾನು ಸುಮ್ಮನೆ ಅಂದಕ್ಕೆ ಹೇಳಿದ್ದೆ. ಶೇಷು ಅದನ್ನೇ ಹಿಡಿದ.

"ಅಕ್ಕ, ಗಂಜಿ ಪಾತ್ರೆ ಇಳಿಸೋಕೆ ಒದ್ದೆ ಬಟ್ಟೆ ಇರುತ್ತೆ ಅಲ್ವಾ? ಅದನ್ನ ಅವನ ಈಟಿಗೆ ಸುತ್ತಿ ಎಳೀತೀನಿ. ಈಟಿ ಕೀಳೆ ಬೀಳುತ್ತೆ."

"ಅದಕ್ಕೆ ನಿಯಮ ಇಲ್ಲ ಶೇಷು."

"ಅಪ್ಪೋ ಏನು ಮಾಡ್ಬೋದು?"

"ಕತ್ತಿ ಬೀಸಬಹುದು, ಓಡಬಹುದು, ಮಾತಾಡಬಹುದು. ಪುಸ್ತಕದಲ್ಲಿ ಇರೋದು ಅಷ್ಟೇ."

ಮುರಳಿ ಕತ್ತಿ ಬೀಸಿದ, ಕಾವಲುಗಾರ ಸತ್ತ, ಆಟ ಮುಂದೆ ಹೋಯಿತು. ಆಮೇಲೂ ಶೇಷು ಕೇಳುತ್ತಲೇ ಇದ್ದ. ಮೆಟ್ಟಿಲಿಗೆ ಎಣ್ಣೆ ಸುರಿಯಬಹುದಾ, ಮಂಕರಿಯನ್ನು ಅವನ ತಲೆಗೆ ಕವುಚಬಹುದಾ, ಬಾಗಿಲ ಸಂದಿಯಲ್ಲಿ ಅವನ ಕೈ ಸಿಕ್ಕಿಸಬಹುದಾ. ಪ್ರತಿ ಸಲವೂ ನಾನು ಪುಸ್ತಕ ತಿರುವಿ ಇಲ್ಲ ಎಂದೆ.

ಅಕ್ಟೋಬರಿನಲ್ಲಿ, ಆಟದ ಒಂದು ಹಳ್ಳದ ದಂಡೆಯಲ್ಲಿ, ಕರಿಮೀಸೆ ಎದುರಾದ. ಒಂದು ಹಳ್ಳಿಯ ಜನರನ್ನೆಲ್ಲ ಹಿಡಿದು ಕೋಟೆಯಲ್ಲಿ ಕೂಡಿಹಾಕಿದ್ದ ಡಕಾಯಿತರ ನಾಯಕ ಅವನು. ನಾವು ಮೊದಲ ದಿನದಿಂದ ಹುಡುಕುತ್ತಿದ್ದವನೇ. ಶತ್ರುಗಳನ್ನು ಆಡಿಸುವುದು ನನ್ನ ಕೆಲಸವಾದ್ದರಿಂದ ಕರಿಮೀಸೆಯೂ ನಾನೇ. ಶತ್ರುಗಳ ಪುಟದಲ್ಲಿ ಇಂಥ ನಾಯಕರ ಬಗ್ಗೆ ಒಂದು ಸಾಲಿತ್ತು: ಹದಿನೆಂಟು ಅಥವಾ ಹೆಚ್ಚು ಬಂದರೆ ಎದುರಾಳಿಯ ಆಯುಧ ಕಸಿದುಕೊಳ್ಳುತ್ತಾನೆ. ಡಬ್ಬಿ ಕುಲುಕಿದೆ. ಹತ್ತೊಂಬತ್ತು ಬಂತು. ಶೇಷುವಿನ ಮಿಂಚು ಕರಿಮೀಸೆಯ ಕೈಗೆ ಹೋಯಿತು, ಅವನು ಕುದುರೆ ಹತ್ತಿ ಹೊರಟೇಹೋದ. ಪುಸ್ತಕದ ಪ್ರಕಾರ ಎಲ್ಲವೂ ಸರಿಯಾಗಿತ್ತು.

ಶೇಷು ತನ್ನ ಕಾಗದದ ಮೇಲೆ ಬರೆದುಕೊಂಡಿದ್ದ ಮಿಂಚು ಎಂಬ ಹೆಸರಿಗೆ ಗೀಟು ಹಾಕಿದ. "ಅವನಿಗೆ ಮಟ್ಟುಂ, ಅವನಿಗೆ ಮಾತ್ರ ಆಗುತ್ತಾ ಅಕ್ಕ? ನಮಗೆ ಆಗಲ್ವಾ?" ಎಂದ.

"ಅವನದು ಪುಸ್ತಕದಲ್ಲಿದೆ" ಎಂದೆ ನಾನು.

ಅವನು ಅವಲಕ್ಕಿ ತಿಂದ, ತಟ್ಟೆ ತೊಳೆದಿಟ್ಟ, ಅಮ್ಮನಿಗೆ ಹೇಳಿ ಹೋದ. ಮುಂದಿನ ಭಾನುವಾರ ಬರಲಿಲ್ಲ, ಅದರ ಮುಂದಿನ ಭಾನುವಾರವೂ ಇಲ್ಲ. ಹೋಟೆಲಿನಲ್ಲಿ ಕೆಲಸವಿದೆ ಎಂದು ರಘುವಿನ ಹತ್ತಿರ ಹೇಳಿ ಕಳಿಸಿದ. ಹೋಟೆಲಿನಲ್ಲಿ ಮಂಜಯ್ಯ ಮಗನನ್ನು ಒಂದು ಲೋಟ ಎತ್ತಲೂ ಬಿಡುತ್ತಿರಲಿಲ್ಲ ಎಂಬುದು ನಮಗೆಲ್ಲ ಗೊತ್ತಿದ್ದ ವಿಷಯ. ಕೊನೆಯ ವರ್ಷದ ಪ್ರಾಜೆಕ್ಟಿನಲ್ಲಿ ರಘು ಮತ್ತು ಶೇಷು ಜೋಡಿ. ಅಲ್ಲೂ ಅವನು ಬೇಕಾದಷ್ಟೇ ಮಾತಾಡುತ್ತಿದ್ದನಂತೆ. ರಘು ಒಂದು ದಿನ ನನ್ನ ಮೇಲೆ ಹರಿಹಾಯ್ದ. "ಅಕ್ಕಾ, ನೀನು ಆಫೀಸನ್ನ ಮನೆಗೆ ಹೊತ್ತು ತಂದುಬಿಟ್ಟೆ. ಅವನು ಒಬ್ಬನೇ ನಮ್ಮಲ್ಲಿ ಯೋಚನೆ ಮಾಡಿ ಆಡ್ತಿದ್ದದ್ದು. ಅವನನ್ನೇ ಓಡಿಸಿದೆ."

ನಾನೂ ಬಾಯಿಗೆ ಬಂದದ್ದು ಅಂದೆ. ಆದರೆ ಮನಸ್ಸಿಗೆ ಗೊತ್ತಿತ್ತು. ಶತ್ರುವಿಗೆ ಒಂದು ನ್ಯಾಯ, ಹುಡುಗನಿಗೆ ಒಂದು ನ್ಯಾಯ ಮಾಡಿದ್ದೆ, ಮತ್ತು ಮಾಡುವಾಗ ಪುಸ್ತಕದ ಹಿಂದೆ ಅಡಗಿ ಕೂತಿದ್ದೆ. ಅವನು ಮತ್ತೆ ನಮ್ಮ ಚಾಪೆಗೆ ಬರಬೇಕಿತ್ತು. ಬರಬೇಕಾದರೆ ನಾನು ತಪ್ಪಾಯಿತು ಎನ್ನಬೇಕಿತ್ತು. ಆ ಮಾತು ನನ್ನ ನಾಲಿಗೆಗೆ ಆವರೆಗೆ ಅಭ್ಯಾಸವೇ ಇರಲಿಲ್ಲ.

ನವೆಂಬರಿನ ಮಳೆ ಹಿಡಿಯಿತು. ಮದರಾಸಿನ ಮಳೆ ಗೊತ್ತಿದ್ದವರಿಗೆ ಗೊತ್ತು. ಬಂದರೆ ಸ್ವಲ್ಪ ಬರುವುದಿಲ್ಲ. ಒಂದು ಬೆಳಿಗ್ಗೆ ಹಳಿಯ ಮೇಲೆ ನೀರು ನಿಂತು ರೈಲು ಹೊರಡಲೇ ಇಲ್ಲ. ಎರಡು ಗಂಟೆ ಪ್ಲಾಟ್‌ಫಾರ್ಮಿನಲ್ಲಿ ಕಾದು, ಸೀರೆಯೆಲ್ಲ ತೊಯ್ದು, ಎದುರಿನ ಹೋಟೆಲಿಗೆ ಕಾಫಿಗೆಂದು ಹೋದೆ. ತಿಂಡಿ ಮುಗಿದು ಊಟ ಶುರುವಾಗದ ಹೊತ್ತು, ಜನ ಇರಲಿಲ್ಲ. ಶೇಷು ಕಾಲೇಜಿಗೆ ಹೋಗಿದ್ದ. ಮಂಜಯ್ಯ ಅಡುಗೆಮನೆಯ ಬಾಗಿಲಿಂದ ನನ್ನನ್ನು ಕಂಡರು.

"ಹ್ವಾಯ್ ವಾರಿಜಮ್ಮ, ಹೊರಗ್ ಎಂತಕ್ಕೆ ನಡುಗ್ತಾ ಕೂಕಂಡದ್ದ್? ಒಳಗ್ ಬನಿ, ಒಲಿ ಹತ್ರ ಕೂಕಣಿ."

ಒಲೆಯ ಹತ್ತಿರ ಮಣೆ ಹಾಕಿಕೊಟ್ಟರು. ಕಾಫಿ ಕೊಟ್ಟರು. ಸ್ವಲ್ಪ ಹೊತ್ತು ಹುಳಿ ತಿರುವುತ್ತಿದ್ದು, ಆಮೇಲೆ ನನ್ನ ಕಡೆ ತಿರುಗದೆಯೇ ಕೇಳಿದರು. "ಮಾಣಿ ಎರಡ್ ದಿನ ಸಮಾ ಊಟ ಮಾಡ್ಲಿಲ್ಲ ಕಾಣಿ. ಎಂತ ಆಯ್ತ್ ಅಂದ್ರೆ ಕತ್ತಿ ಹೋಯ್ತ್ ಅಂದ. ಯಾವ್ ಕತ್ತಿ ಮಾರಾಯ ಅಂದೆ. ಕಾಗದದ್ ಮೇಲಿನ್ ಕತ್ತಿ ಅಂದ. ಕಾಗದದ್ ಕತ್ತಿಗೆ ಊಟ ಬಿಡೂಕಿತ್ತಾ?"

ಲೋಟ ಕೆಳಗಿಟ್ಟೆ. ನಾನೇ ಕಸಿದದ್ದು ಎಂದು ಹೇಳಿದೆ. ಹೇಗೆ, ಏಕೆ, ಎಲ್ಲ ಹೇಳಿದೆ. ಮಂಜಯ್ಯ ಗಂಭೀರವಾಗಿ ಕೇಳಿಸಿಕೊಂಡರು, ನಗಲಿಲ್ಲ.

ಅಷ್ಟರಲ್ಲಿ ಮೂಲೆಯಲ್ಲಿ ಕುಂಬಳಕಾಯಿ ಹೆಚ್ಚುತ್ತಿದ್ದ ಇಬ್ಬರಲ್ಲಿ ಒಬ್ಬ ಎದ್ದ. ಕೈಯಲ್ಲಿದ್ದ ದೊಡ್ಡ ಕತ್ತಿಯನ್ನು ಹಲಗೆಯ ಮೇಲಿಟ್ಟು, ಹಿಡಿಯನ್ನು ಇನ್ನೊಬ್ಬನ ಕಡೆ ತಿರುಗಿಸಿ, ಕೈ ಹಿಂದೆಗೆದ. ಇನ್ನೊಬ್ಬ ಕಾದಿದ್ದು, ಅವನ ಕೈ ಪೂರ್ತಿ ದೂರ ಹೋದ ಮೇಲೆ ಎತ್ತಿಕೊಂಡ. ನಮ್ಮ ಮನೆಯಲ್ಲೂ ಉಪ್ಪು, ಮೆಣಸಿನಕಾಯಿ, ಚಾಕು ಕೈಯಿಂದ ಕೈಗೆ ಕೊಡುವುದಿಲ್ಲ. ಎಲ್ಲರ ಮನೆಯಲ್ಲೂ ಹಾಗೆಯೇ. ಆದರೆ ಅವತ್ತಿನವರೆಗೆ ಅದನ್ನು ನೋಡಿಯೂ ನೋಡಿರಲಿಲ್ಲ.

ಮಂಜಯ್ಯ ನನ್ನ ಕಣ್ಣು ಎಲ್ಲಿದೆ ಎಂದು ಗಮನಿಸಿದರು. "ಕೈಯಿಂದ ಕೈಗ್ ಕತ್ತಿ ಕೊಡುಕಾಗ, ತಕಣುಕೂ ಆಗ. ಜಗಳ ಆತ್ತ್ ಅಂತ್ರ್. ಜಗಳ ಆತ್ತೋ ಇಲ್ಯೋ, ಗಾಯ ಅಂತೂ ಆತ್ತಿಲ್ಲ. ಇಲ್ಲಿ ಕಾಣಿ, ಬಿಸಿ ಎಣ್ಣಿ, ಬಿಸಿ ನೀರ್, ಕತ್ತಿ, ತುರಿಮಣೆ. ಮನಸ್ ಮಾಡ್ರೆ ಒಂದೊಂದೂ ಆಯುಧವೇ. ಯಾರಿಗೂ ಯಾರಿಂದ್ಲೂ ಪೆಟ್ಟ್ ಆಗ್ದೆ ಇಪ್ಪುದೇ ನಮ್ ಕೆಲ್ಸ."

ಶೇಷು ಬೆಳೆದದ್ದು ಈ ಅಡುಗೆಮನೆಯಲ್ಲಿ. ಅವನು ಕೇಳಿದ ಪ್ರಶ್ನೆಗಳೆಲ್ಲ ಎಲ್ಲಿಂದ ಬಂದಿದ್ದವು ಎಂದು ನನಗೆ ಆಗ ಹೊಳೆಯಿತು.

"ಮಂಜಯ್ಯನೋರೆ, ಒಬ್ಬರ ಕೈಲಿರೋದನ್ನ ನಿಜವಾಗಿ ಬೀಳಿಸೋಕೆ ಆಗುತ್ತಾ?" ಎಂದು ಕೇಳಿದೆ.

ಅವರಿಗೆ ಉತ್ಸಾಹ ಬಂತು. ನನ್ನ ಕೈಗೆ ಹಿಡಿಯಲೆಂದು ಒಂದು ಉದ್ದನೆಯ ಕಬ್ಬಿಣದ ಸೌಟನ್ನು ಕಟ್ಟೆಯ ಮೇಲಿಟ್ಟರು, ಎತ್ತಿಕೊಂಡೆ. "ಗಟ್ಟಿ ಹಿಡ್ಕಣಿ" ಎಂದರು. ಗಟ್ಟಿ ಹಿಡಿದೆ. ತಮ್ಮ ಸೌಟಿನಿಂದ ನನ್ನ ಮುಷ್ಟಿಯ ಪಕ್ಕದಲ್ಲೇ ಟಣ್ಣನೆ ಒಂದು ಹೊಡೆದರು. ಅಂಗೈ ಜುಮ್ಮೆಂದಿತು, ಸೌಟು ನೆಲದ ಮೇಲೆ ಕುಣಿದು ಬಿತ್ತು. ಕುಂಬಳಕಾಯಿಯವರು ನಕ್ಕರು.

"ಈಗ ಅದ್ ಯಾರದ್ದ್?" ಎಂದರು ಮಂಜಯ್ಯ.

"ನಿಮ್ಮದು. ನೀವು ಗೆದ್ರಲ್ಲ."

"ಅಲ್ಲ. ನನ್ ಕೈಯಂಗೆ ಎಲ್ಲಿತ್ತ್? ಈಗ ಅದ್ ನೆಲದ್ದ್. ಯಾರ್ ಮೊದಲ್ ಬಗ್ಗತ್ರೋ ಅವರದ್ದ್. ಆದ್ರೆ ಬಗ್ಗಿದವ್ರ್ ಬೆನ್ನ್ ಕಾಣತ್ತ್ ಅಲ್ದಾ?"

ನಾನು ಬಗ್ಗಲು ಹೋದೆ. ಅವರು ಒದ್ದೆ ಅಂಗವಸ್ತ್ರದ ತುದಿಯನ್ನು ನನ್ನ ಬೆನ್ನಿಗೆ ಮೆತ್ತಗೆ ತಾಕಿಸಿದರು. ಬಿಸಿನೀರಾಗಿದ್ದರೆ ಎಂದು ಅರ್ಥವಾಯಿತು. ಆಮೇಲೆ ಅದೇ ಅಂಗವಸ್ತ್ರವನ್ನು ಸೌಟಿಗೆ ಸುತ್ತಿ ಎಳೆಯುವುದನ್ನೂ ತೋರಿಸಿದರು. ಒಣ ಬಟ್ಟೆ ಜಾರುತ್ತದೆ, ಒದ್ದೆಯಾದರೆ ಹಿಡಿಯುತ್ತದೆ. ಆಗಸ್ಟಿನಲ್ಲಿ ಆ ಹುಡುಗ ಒದ್ದೆ ಬಟ್ಟೆ ಎಂದು ಸುಮ್ಮನೆ ಹೇಳಿರಲಿಲ್ಲ. ಮಳೆ ನಿಲ್ಲುವ ಹೊತ್ತಿಗೆ ನನ್ನ ಸೀರೆ ಒಣಗಿತ್ತು, ತೋಳು ನೋಯುತ್ತಿತ್ತು, ಮನಸ್ಸು ಹಗುರಾಗಿತ್ತು.

ನಮ್ಮ ಕಚೇರಿಯಲ್ಲಿ ಪಾಲಿಸಿಯನ್ನು ತಿದ್ದಬೇಕಾದರೆ ಮೂಲ ಕಾಗದವನ್ನು ಹರಿಯುವುದಿಲ್ಲ, ಗೀಚುವುದೂ ಇಲ್ಲ. ತಿದ್ದುಪಡಿಯನ್ನು ಒಂದು ಚೀಟಿಯಲ್ಲಿ ಬರೆದು ಅದಕ್ಕೆ ಅಂಟಿಸುತ್ತಾರೆ. ಎಂಡಾರ್ಸ್‌ಮೆಂಟ್ ಎನ್ನುತ್ತಿದ್ದೆವು. ಅದರ ಕೆಳಗೆ ಎರಡೂ ಕಡೆಯವರು ಸಹಿ ಹಾಕಿದರೆ ಮೂಲದಷ್ಟೇ ಬೆಲೆ. ಅವತ್ತು ಮನೆಗೆ ಹೋಗಿ ಅಂಥದ್ದೊಂದು ಚೀಟಿಯನ್ನು ಇಂಗ್ಲಿಷಿನಲ್ಲಿ ಬರೆದೆ. ಒಂದು: ಆಟಗಾರ ಏನನ್ನು ಮಾಡುತ್ತೇನೆಂದರೂ ನಡೆಸುವವರು ಇಲ್ಲ ಎನ್ನುವ ಮೊದಲು ಯಾವುದರಿಂದ, ಹೇಗೆ ಎಂದು ಕೇಳತಕ್ಕದ್ದು, ಅಡುಗೆಮನೆಯಲ್ಲಿ ಆಗುವುದಾದರೆ ಕೋಟೆಯಲ್ಲೂ ಆಗತಕ್ಕದ್ದು. ಎರಡು: ಹದಿನಾಲ್ಕು ಅಥವಾ ಹೆಚ್ಚು ಬಂದರೆ ಆಯುಧ ಬೀಳುತ್ತದೆ. ಬಿದ್ದ ಆಯುಧ ನೆಲದ್ದು, ಯಾರ ಕೈಗೂ ನೇರವಾಗಿ ಹೋಗತಕ್ಕದ್ದಲ್ಲ. ಮೂರು: ಬಗ್ಗಿ ಎತ್ತಿಕೊಳ್ಳುವವರು ತಮ್ಮ ಒಂದು ಸರದಿ ಕಳೆದುಕೊಳ್ಳುತ್ತಾರೆ. ನಾಲ್ಕು: ಈ ನಿಯಮ ಶತ್ರುಗಳಿಗೂ ಸಮಾನ. ಐದು: ಇದು ಅಕ್ಟೋಬರ್ ಮೊದಲ ದಿನದಿಂದ ಪೂರ್ವಾನ್ವಯವಾಗಿ ಜಾರಿ.

ಐದನೆಯದನ್ನು ಬರೆಯುವಾಗ ನನಗೇ ನಗು ಬಂತು. ಹಿಂದಿನ ತಾರೀಕಿನಿಂದಲೇ ಜಾರಿ ಎಂದರೆ, ಮಿಂಚನ್ನು ಕರಿಮೀಸೆ ಒಯ್ದೇ ಇಲ್ಲ.

ಮರುದಿನ ಸಂಜೆ ರೈಲಿಳಿದು ನೇರ ಹೋಟೆಲಿಗೆ ಹೋದೆ. ಶೇಷು ಗಲ್ಲಾದ ಹಿಂದಿನ ಬೆಂಚಿನಲ್ಲಿ ಓದುತ್ತಿದ್ದ. ಚೀಟಿ ಮುಂದಿಟ್ಟೆ. ಎರಡು ಸಲ ಓದಿದ.

"ಕರಿಮೀಸೆಯೂ ಬಗ್ಗಬೇಕಾ?"

"ಬಗ್ಗಲೇಬೇಕು."

"ಅಪ್ಪಡೀನಾ ನನ್ನ ಕತ್ತಿ ಈಗ ಎಲ್ಲಿದೆ?"

"ಅಲ್ಲೇ ಹಳ್ಳದ ದಂಡೆಯಲ್ಲಿ ನೆಲದ ಮೇಲೆ. ಬಿದ್ದಲ್ಲೇ ಇದೆ."

"ಒಂದು ತಿಂಗಳ ಮಳೇಲಿ ತುಕ್ಕು ಹಿಡಿದಿರುತ್ತೆ ಅಕ್ಕ" ಎಂದ, ಮುಖದಲ್ಲಿ ಸಣ್ಣ ನಗು. ಆದರೂ ಎದ್ದು ಬರುತ್ತೇನೆ ಎನ್ನಲಿಲ್ಲ. ಚೀಟಿಯನ್ನೇ ನೋಡುತ್ತಿದ್ದ. ನಾನು ಹೇಳಿಬಿಟ್ಟೆ: "ನಂದು ತಪ್ಪಾಯ್ತು ಶೇಷು. ಅವತ್ತು ನಿನ್ನ ಮಾತು ಸರಿಯಿತ್ತು. ಭಾನುವಾರ ಬಾ."

ಅವನು ಕಿವಿಯವರೆಗೂ ಕೆಂಪಾದ. "ಬರ್ತೀನಿ" ಎಂದ. ಸಹಿ ಹಾಕು ಎಂದು ಚೀಟಿಯ ಕೆಳಗಿನ ಖಾಲಿ ಗೆರೆ ತೋರಿಸಿದೆ. ತಲೆಯಾಡಿಸಿದ. "ಈಗ ಬೇಡ. ಕೊನೇ ದಿನ ಹಾಕ್ತೀನಿ. ಕರಿಮೀಸೆ ಗೆಲ್ಲೋ ಟೈಮ್‌ನಲ್ಲೂ ನೀವು ಇದನ್ನ ನಡೆಸ್ತೀರಾ ನೋಡ್ತೀನಿ." ನನ್ನ ಕಚೇರಿಯಲ್ಲಿ ಕೂಡ ಇಷ್ಟು ಹುಷಾರಿನ ಗಿರಾಕಿ ಬಂದಿರಲಿಲ್ಲ. ಚೀಟಿಗೆ ಗೋಂದು ಹಚ್ಚಿ ಪುಸ್ತಕಕ್ಕೆ ಅಂಟಿಸಿದೆ, ನನ್ನ ಸಹಿಯೊಂದನ್ನೇ ಹಾಕಿ.

ಆ ಭಾನುವಾರದಿಂದ ಪರೀಕ್ಷೆಯ ಹೊತ್ತಿನವರೆಗೆ ನಮ್ಮ ಜಗಲಿಯಲ್ಲಿ ನಡೆದದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ಒಮ್ಮೆ ಬಾಗಿಲು ತೆರೆದದ್ದೇ ತಡ, ಎಲ್ಲರೂ ಶೇಷುವೇ ಆದರು. ಮುರಳಿ ಕಡಿಯುವುದು ಬಿಟ್ಟು ಪೇಟ ಬಿಚ್ಚಿ ಎದುರಾಳಿಯ ಮುಖಕ್ಕೆ ಎಸೆಯತೊಡಗಿದ. ರಘುವಿನ ಮಂತ್ರವಾದಿ ಮಂತ್ರ ಮರೆತು ಸೊಂಟದಲ್ಲಿ ಮೆಣಸಿನ ಪುಡಿ ಕಟ್ಟಿಕೊಂಡ. ನಾನು "ಗಾಳಿ ಯಾವ ಕಡೆ?" ಎಂದು ಕೇಳಿ ಆ ಪುಡಿಯನ್ನು ಅವನ ಕಣ್ಣಿಗೇ ತಿರುಗಿಸಿದೆ. ಅನುಮಾನ ಬಂದರೆ ಅಂಗಳದಲ್ಲಿ ಪರೀಕ್ಷೆ. ಒದ್ದೆ ಟವೆಲಿಗೆ ಪೊರಕೆ ಎದುರು, ಮೊರಕ್ಕೆ ಛತ್ರಿ ಎದುರು. ಅಮ್ಮನ ಉಪ್ಪಿನಕಾಯಿ ಭರಣಿಯೊಂದು ಈ ಯುದ್ಧದಲ್ಲಿ ಪ್ರಾಣ ಬಿಟ್ಟಿತು. "ನಿಮ್ಮ ರಾಕ್ಷಸ ಸಾಯ್ಲಿಲ್ಲ, ನನ್ನ ಭರಣಿ ಸತ್ತಿತು!" ಎಂದು ಅಮ್ಮ ಬಯ್ದಳು. ಮುಂದಿನ ವಾರ ನಾವು ಸೌಟು ತಪ್ಪಾಗಿ ಹಿಡಿದಿದ್ದೇವೆಂದು ತಾನೇ ಅಂಗಳಕ್ಕಿಳಿದು ತೋರಿಸಿದಳು. ನಾನು ಅಷ್ಟು ಸಂತೋಷವಾಗಿದ್ದ ವರ್ಷ ಅದಕ್ಕೆ ಮೊದಲು ಇರಲಿಲ್ಲ.

ಕೊನೆಯ ಭಾನುವಾರ ಮೇ ತಿಂಗಳಿನಲ್ಲಿ ಬಂತು. ಪರೀಕ್ಷೆ ಮುಗಿದಿತ್ತು. ಮುರಳಿಗೆ ಮಣಲಿಯ ಎಣ್ಣೆ ಶುದ್ಧೀಕರಣ ಕಾರ್ಖಾನೆಯಲ್ಲಿ ತರಬೇತಿ, ಶೇಷುವಿಗೆ ಅಂಬತ್ತೂರಿನ ಒಂದು ಕಾರ್ಖಾನೆಯಲ್ಲಿ ಕೆಲಸ, ರಘು ಇನ್ನೂ ಅರ್ಜಿ ಹಾಕುತ್ತಿದ್ದ. ಬಿಸಿಲಿಗೆ ಜಗಲಿಯ ಕಲ್ಲು ಸುಡುತ್ತಿತ್ತು, ಚಾಪೆಗೆ ನೀರು ಚಿಮುಕಿಸಿ ಕೂತಿದ್ದೆವು. ಕೋಟೆಯ ಒಳಬಾಗಿಲಲ್ಲಿ ಕರಿಮೀಸೆ, ಅವನ ಹಿಂದೆ ಸೆರೆಯಲ್ಲಿರುವ ಹಳ್ಳಿಯ ಜನ. ಮುರಳಿಯ ವೀರ ಗಾಯವಾಗಿ ಬಿದ್ದಿದ್ದ, ರಘುವಿನ ಮಂತ್ರ ಮುಗಿದಿತ್ತು. ಉಳಿದವನು ಶೇಷುವಿನ ಭದ್ರ ಒಬ್ಬನೇ, ಕೈಯಲ್ಲಿ ತುಕ್ಕು ಉಜ್ಜಿ ತೆಗೆದ ಮಿಂಚು.

ಕರಿಮೀಸೆಯ ಸರದಿ. ಮಿಂಚಿನ ಮೇಲೆ ಅವನಿಗೆ ಮೊದಲಿನಿಂದಲೂ ಕಣ್ಣು. ಡಬ್ಬಿ ಕುಲುಕಿ ಎತ್ತಿದೆ. ಮತ್ತೆ ಅದೇ ಹತ್ತೊಂಬತ್ತು. ಮೂರೂ ಮುಖಗಳು ನನ್ನ ಕಡೆ ತಿರುಗಿದವು. ಹಳೆಯ ಸಾಲಿನ ಪ್ರಕಾರ ಮಿಂಚು ಕರಿಮೀಸೆಯ ಕೈಗೆ ಹೋದರೆ ಆಟ ಅಲ್ಲಿಗೆ ಮುಗಿಯಿತು, ಗೆದ್ದವಳು ನಾನು. ಗೆಲ್ಲಬೇಕೆಂದು ಆಸೆ ಇರಲಿಲ್ಲವೆಂದರೆ ಸುಳ್ಳಾದೀತು, ಎಂಟು ತಿಂಗಳು ಆಡಿಸಿದ ಖಳ ಅವನು.

"ಮಿಂಚು ನೆಲಕ್ಕೆ ಬಿತ್ತು" ಎಂದೆ. "ಕರಿಮೀಸೆ ಅದಕ್ಕೋಸ್ಕರ ಬಗ್ಗುತ್ತಾನೆ. ಅವನ ಸರದಿ ಹೋಯಿತು."

ಶೇಷು ಒಂದು ಕ್ಷಣವೂ ಕಾಯಲಿಲ್ಲ. ಮಿಂಚಿನ ಮೇಲೆ ಕಾಲಿಟ್ಟು, ಹೆಗಲ ಮೇಲಿನ ಒದ್ದೆ ಬಟ್ಟೆಯನ್ನು ಬಗ್ಗಿದವನ ಕೈಯಲ್ಲಿದ್ದ ಕತ್ತಿಗೆ ಸುತ್ತಿ ಎಳೆಯುತ್ತೇನೆ ಎಂದ. ಆಗಸ್ಟಿನಿಂದ ಕಾದಿಟ್ಟ ಬಟ್ಟೆ. ಬಿಲ್ಲೆ ಎತ್ತಿದ, ಹದಿನಾಲ್ಕು. ಸರಿಯಾಗಿ ಹದಿನಾಲ್ಕು. ಮುರಳಿಯ ಕಿರುಚಾಟಕ್ಕೆ ಬೀದಿಯ ನಾಯಿ ಬೊಗಳಿತು. ಕರಿಮೀಸೆಯ ಕತ್ತಿಯೂ ನೆಲದ ಮೇಲೆ ಬಿದ್ದಿತ್ತು.

"ವೆಟ್ಟುಡಾ!" ಎಂದು ಮುರಳಿ ಕೂಗುತ್ತಿದ್ದ, ಕಡಿಯೋ ಎಂದು. ಶೇಷು ನಿಧಾನವಾಗಿ ಹೇಳಿದ. "ಅಕ್ಕ, ಮುಂದಿನ ಸರದಿಗೆ ಅವನ ಕತ್ತಿ ಎತ್ತುತೀನಿ. ಹಿಡಿ ಅವನ ಕಡೆ ಮಾಡಿ, ಅವನ ಮುಂದೆ ನೆಲದ ಮೇಲೆ ಇಡ್ತೀನಿ. ಕೈಗೆ ಕೊಡಲ್ಲ. ಇಟ್ಟು ಎರಡು ಹೆಜ್ಜೆ ಹಿಂದೆ ಹೋಗ್ತೀನಿ."

ಈಗ ಕರಿಮೀಸೆ ಏನು ಮಾಡುತ್ತಾನೆ? ಪುಸ್ತಕದ ಕೊನೆಯಲ್ಲಿ ಅದಕ್ಕೊಂದು ಪಟ್ಟಿ ಇತ್ತು. ಇಷ್ಟು ಬಂದರೆ ಶತ್ರು ಓಡುತ್ತಾನೆ, ಇಷ್ಟು ಬಂದರೆ ಮೋಸ ಮಾಡುತ್ತಾನೆ ಎಂದು. ನನ್ನ ಕೈ ತಾನಾಗಿ ಡಬ್ಬಿಯ ಕಡೆ ಹೋಯಿತು. ಎತ್ತಿದೆ, ಕುಲುಕಿದೆ. ಆಮೇಲೆ ತೆರೆಯದೆ ಕೆಳಗಿಟ್ಟೆ.

"ಕರಿಮೀಸೆ ಬಗ್ಗುತ್ತಾನೆ" ಎಂದೆ. "ಕತ್ತಿ ಎತ್ತಿಕೊಳ್ಳುತ್ತಾನೆ. ನಿನ್ನ ಮುಖ ನೋಡುತ್ತಾನೆ. ಕತ್ತಿಯನ್ನು ಒರೆಗೆ ಹಾಕಿ, ಬಾಗಿಲ ಅಗುಳಿ ತೆಗೆಯುತ್ತಾನೆ. ಆಮೇಲೆ, ಊಟಕ್ಕೆ ಏನಾದರೂ ಇದೆಯಾ ಎಂದು ಕೇಳುತ್ತಾನೆ."

ರಘು ಎದ್ದು ಕುಣಿದ. ಮುರಳಿ ಶೇಷುವನ್ನು ಎತ್ತಿ ಅಂಗಳದ ಸುತ್ತ ತಿರುಗಿಸಿದ. ಊಟ ಯಾರಿಗೆ ಬೇಕಂತೆ ಎಂದು ಅಮ್ಮ ಒಳಗಿಂದಲೇ ಕೇಳಿದಳು. ಕರಿಮೀಸೆಗೆ ಎಂದಾಗ ಅವನಿಗೂ ಒಂದು ತಟ್ಟೆ ಅವಲಕ್ಕಿ ಇಟ್ಟಳು, ಅದನ್ನು ಮುರಳಿ ತಿಂದ. ಆ ಗಲಾಟೆಯಲ್ಲಿ ಚೀಟಿಯ ನೆನಪು ಯಾರಿಗೂ ಆಗಲಿಲ್ಲ. ಪುಸ್ತಕವನ್ನು ಬೈಂಡ್ ಮಾಡಿಸುತ್ತೇನೆಂದು ಶೇಷು ಒಯ್ದ, ಅದು ಅವನಲ್ಲೇ ಉಳಿಯಿತು.

ಚೀಲ ಮೂಸಿದ ಮರುವಾರ ಅವನಿಗೆ ಫೋನು ಮಾಡಿ ಅಂಬತ್ತೂರಿಗೆ ಹೋದೆ. ಮದುವೆ, ಮುಂಜಿಗಳಲ್ಲಿ ಸಿಗುತ್ತಿದ್ದೆವು, ಮನೆಗೆ ಹೋದದ್ದು ಇದೇ ಮೊದಲು. ಶೇಷು ಕಾರ್ಖಾನೆಯಲ್ಲಿ ಸುರಕ್ಷತಾ ಅಧಿಕಾರಿಯಾಗಿ ನಿವೃತ್ತನಾಗಿದ್ದಾನೆ. ಮೂವತ್ತು ವರ್ಷ ಯಾರಿಗೂ ಪೆಟ್ಟಾಗದಂತೆ ನೋಡಿಕೊಳ್ಳುವುದೇ ಕೆಲಸವಾಗಿತ್ತು ಎಂದ. ಅಪ್ಪನ ಕೆಲಸವನ್ನೇ ಮಾಡಿದ್ದೀಯಲ್ಲ ಎಂದೆ, ಹೌದಲ್ಲ ಎಂದು ನಕ್ಕ. ಕನ್ನಡ ಈಗಲೂ ಅರ್ಧವೇ.

ಕೇಳುವ ಮೊದಲೇ ಪುಸ್ತಕ ತಂದಿಟ್ಟ. ಬೈಂಡ್ ಕೊನೆಗೂ ಆಗಿರಲಿಲ್ಲ. ಚೀಟಿ ಅಂಟಿಸಿದಲ್ಲೇ ಇತ್ತು, ಗೋಂದು ಹಳದಿಯಾಗಿ ಅಂಚು ಮೇಲೆದ್ದಿತ್ತು. ಕೆಳಗೆ ನನ್ನ ಸಹಿ, ಅದರ ಪಕ್ಕದಲ್ಲಿ ಖಾಲಿ ಗೆರೆ.

"ಏನಪ್ಪಾ, ಕೊನೇ ದಿನ ಹಾಕ್ತೀನಿ ಅಂದಿದ್ದೆ" ಎಂದೆ. "ನಾನು ನಡೆಸಲಿಲ್ವಾ?"

"ನಡೆಸಿದ್ರಿ ಅಕ್ಕ. ಮರೆತುಹೋಯ್ತು." ಕನ್ನಡಕ ಹಾಕಿಕೊಂಡ. "ಪೆನ್ ಇದೆಯಾ?"

ಹೊಸ ಚರ್ಮದ ಚೀಲ ತೆರೆದು ಪೆನ್ನು ತೆಗೆದೆ. ಕೈ ನೀಡಿದವಳು ತಡೆದು, ಅದನ್ನು ಮೇಜಿನ ಮೇಲಿಟ್ಟು, ಹಿಡಿಯುವ ತುದಿಯನ್ನು ಅವನ ಕಡೆ ತಿರುಗಿಸಿ 'ತಗೋ' ಎಂದೆ. ಅವನು ನನ್ನ ಕೈ ಪೂರ್ತಿ ದೂರ ಹೋಗುವವರೆಗೆ ಕಾದ, ಆಮೇಲೆ ಎತ್ತಿಕೊಂಡು ಸಹಿ ಹಾಕಿದ.

"ತಾರೀಕು ಯಾವುದು ಹಾಕ್ಲಿ ಅಕ್ಕ? ಇವತ್ತಿಂದಾ?"

"ಐದನೇ ಷರತ್ತು ಓದು" ಎಂದೆ. "ಹಿಂದಿನಿಂದಲೇ ಜಾರಿ."